ಕರಡಿ ಗುಹೆಯಲ್ಲಿ ಫೈನಲ್ ಪಂದ್ಯ

"ನಿಮ್ಮ ಸಿಟ್ಟಿಗೆ ಯಾವ ಬಣ್ಣ ಅನ್ಸುತ್ತೋ ಅದನ್ನೇ ಹಚ್ಚಿ, ಓರೆಸ್ಟ್ ಅವ್ರೇ. ಚಿತ್ರ ಚೆನ್ನಾಗಿ ಬರ್ಬೇಕು ಅಂತೇನಿಲ್ಲ," ಎಂದಳು ಟೀಚರ್ ಟ್ಯಾಮ್ಸಿನ್, ಜೇನಿನಂಥ ದನಿಯಲ್ಲಿ.

"ನಂಗೆ ಸಿಟ್ಟೇ ಬರಲ್ಲಮ್ಮ," ಎಂದು ಓರೆಸ್ಟ್ ಮೇಜು ಗುದ್ದಿದ. ಕೆಂಪು ಬಣ್ಣದ ಡಬ್ಬಿ ಎಗರಿ ಅವನ ಕಾಗದದ ಮೇಲೆ ಮಗುಚಿಕೊಂಡಿತು.

ಪಕ್ಕದ ಕುರ್ಚಿಯಿಂದ ನೆರೆಮನೆಯ ವರ್ನಾ ಇಣುಕಿದಳು. "ಇದು ಸಿಟ್ಟೋ, ನಿನ್ ಹೆಂಡ್ತಿ ಮಾಡೋ ಬೀಟ್‌ರೂಟ್ ಸಾರೋ?"

ಕೆನಡಾದ ಸಸ್ಕಾಚೆವಾನ್‌ನ ಆ ಪುಟ್ಟ ಊರಿನಲ್ಲಿ ಚಳಿಗಾಲವೆಂದರೆ ಐಸ್ ಹಾಕಿ, ಐಸ್ ಹಾಕಿಯೆಂದರೆ ಮಕ್ಕಳ ಆಟ, ಹಿರಿಯರ ಜಗಳ. ಕಳೆದ ವಾರ ಮೊಮ್ಮಗಳು ಲಾರಿಸ್ಸಾಳ ಪಂದ್ಯದಲ್ಲಿ ಓರೆಸ್ಟ್, "ತಗೋ, ನನಗಿಂತ ನಿನಗೇ ಬೇಕು," ಎಂದು ತನ್ನ ಕನ್ನಡಕವನ್ನೇ ರೆಫರಿ ಲೈಲ್‌ನ ಕಾಲ ಬುಡಕ್ಕೆ ಎಸೆದಿದ್ದ. ಆಮೇಲೆ ಅವನಿಗೆ ಹೊರಹೋಗುವ ಬಾಗಿಲು ಕಾಣದೆ, ಲೈಲೇ ಕೈಹಿಡಿದು ಹೊರಗೆ ಬಿಟ್ಟಿದ್ದ. ವರ್ನಾ ದನದ ಗಂಟೆಯನ್ನು ಎದುರಾಳಿ ಹುಡುಗಿಯ ಕಿವಿಯ ಹತ್ತಿರವೇ ಬಾರಿಸಿ ಹೊರಬಿದ್ದಿದ್ದಳು. ರೋಸಿಹೋದ ಸಮಿತಿ ಹೊಸ ನಿಯಮ ಮಾಡಿತು. ಹೊರಗೆ ಹಾಕಿಸಿಕೊಂಡವರು ಲೈಬ್ರರಿಯ ಚಿತ್ರ-ಕತೆ ತರಗತಿಯಲ್ಲಿ ಪಾಸಾಗದೆ ಆಟದಂಗಳದ ಒಳಗೆ ಕಾಲಿಡುವಂತಿಲ್ಲ. ಇವತ್ತು ಸಂಜೆಯೇ ಲಾರಿಸ್ಸಾಳ ಫೈನಲ್. ಅದನ್ನು ನೋಡದಿದ್ದರೆ ತಾನು ಯಾತರ ಅಜ್ಜ ಎಂಬುದು ಓರೆಸ್ಟ್‌ನ ಸಂಕಟ.

ಬಣ್ಣ ಒರೆಸಿದ್ದಾದ ಮೇಲೆ ಟ್ಯಾಮ್ಸಿನ್ ಮಕ್ಕಳ ಕತೆಪುಸ್ತಕವೊಂದನ್ನು ಅವನ ಕೈಗಿಟ್ಟಳು. ಓರೆಸ್ಟ್ ಹಳೇ ಟ್ರ್ಯಾಕ್ಟರ್ ಥರ ಗುರುಗುಟ್ಟಿ ಶುರುಮಾಡಿದ. ಗುಹೆಯಲ್ಲೊಂದು ಅಪ್ಪ ಕರಡಿ. ಮರಿಯ ಮೇಲೆ ಅದಕ್ಕೆ ಪ್ರಾಣ. ಪ್ರೀತಿ ಉಕ್ಕಿದಾಗಲೆಲ್ಲ ಅದು ಗರ್ಜಿಸುತ್ತದೆ. ಪುಟ ತಿರುವಿದರೆ ಮರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದೆ.

ಓರೆಸ್ಟ್ ಆ ಚಿತ್ರದ ಮೇಲೆ ಬೆರಳಿಟ್ಟ. ಲಾರಿಸ್ಸಾ ಆಟದ ನಡುವೆ ಹೆಲ್ಮೆಟ್ಟನ್ನು ಕಿವಿಯ ಮೇಲೆ ಕೆಳಗೆಳೆದುಕೊಳ್ಳುವುದನ್ನು ಅವನು ಎಷ್ಟು ಸಲ ನೋಡಿಲ್ಲ. ಸಡಿಲವಾಗಿರಬೇಕು ಅಂದುಕೊಂಡಿದ್ದ.

"ಮರೀದೇ ತಪ್ಪು," ಎಂದಳು ವರ್ನಾ. "ಅಪ್ಪ ಅಂದ್ಮೇಲೆ ಗರ್ಜಿಸ್ದೆ ಗುನುಗ್ತಾನಾ?"

ಓರೆಸ್ಟ್ ಹೊಸ ಕಾಗದ ಎಳೆದುಕೊಂಡ. ಹೆಲ್ಮೆಟ್ ಹಾಕಿದ ಒಂದು ಪುಟ್ಟ ಹುಡುಗಿಯನ್ನು ಬರೆದ. ಅದು ಆಲೂಗಡ್ಡೆಯ ಹಾಗೇ ಕಾಣುತ್ತಿತ್ತು, ಆದರೂ ಟ್ಯಾಮ್ಸಿನ್‌ಳ ಕಣ್ಣು ತುಂಬಿ ಬಂತು. ಅವನು ಪಾಸಾದ. ವರ್ನಾ ಫೇಲಾದಳು.

ಸಂಜೆ ಓರೆಸ್ಟ್ ಹೊಸ ಮದುಮಗನಂತೆ ಮುಂದಿನ ಸಾಲಿನಲ್ಲಿ ಕೂತ. ಪಂದ್ಯ ಶುರುವಾಗಿ ಎರಡು ನಿಮಿಷಕ್ಕೇ ಲೈಲ್ ಸುಮ್ಮಸುಮ್ಮನೆ ಲಾರಿಸ್ಸಾಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ. ಜನರೆಲ್ಲ ಆಟ ಬಿಟ್ಟು ಓರೆಸ್ಟ್‌ನತ್ತ ತಿರುಗಿದರು.

ಓರೆಸ್ಟ್ ದೀರ್ಘವಾಗಿ ಉಸಿರೆಳೆದು, "ಪಾಪ, ಅವನಿಗೂ ಏನು ಕಷ್ಟವೋ," ಎಂದ. ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಲಾರಿಸ್ಸಾಳ ತಂಡದ ಹುಡುಗಿಯೊಬ್ಬಳು ಎದುರಾಳಿ ತಂಡದ ಗೋಲ್‌ಕೀಪರ್ ಹುಡುಗಿಗೆ ಡಿಕ್ಕಿ ಹೊಡೆದಳು. ಲೈಲ್ ಸೀಟಿ ಊದಲಿಲ್ಲ. ಆಚೆ ಬದಿಯಿಂದ ಸಿಡಿಲಿನಂಥ ದನಿ ಎದ್ದಿತು: "ಏಯ್ ಲೈಲ್, ಕಣ್ಣನ್ನ ಮನೇಲಿ ಬಿಟ್ಟು ಬಂದಿದ್ಯೇನೋ? ಅದು ನನ್ ಮಗಳು ಕಣೋ." ಹಿಂದೆಯೇ ಒಂದು ಬೂಟು ಹಾರಿಬಂದು ಐಸ್ ಮೇಲೆ ಜಾರುತ್ತಾ ಲೈಲ್‌ನ ಕಾಲ ಬಳಿ ನಿಂತಿತು.

ಒಂಟಿಕಾಲಲ್ಲಿ ನಿಂತಿದ್ದವಳು ಟ್ಯಾಮ್ಸಿನ್.

ಸಮಿತಿಯ ಅಧ್ಯಕ್ಷ ಓಡಿಬಂದ. "ಓರೆಸ್ಟ್, ಏಳಪ್ಪ. ಟೀಚರನ್ನೇ ಹೊರಗೆ ಹಾಕಿದೀವಿ. ಪಾಸಾದವ್ರು ಯಾರಾದ್ರೂ ಜೊತೇಲಿ ಕೂತು ಕತೆ ಓದ್ಬೇಕು, ನಿಯಮ ಹಂಗಿದೆ."

"ಬೇರೆ ಯಾರನ್ನಾದ್ರೂ ಕರಿ ಮಾರಾಯ, ನಮ್ ಹುಡುಗಿ ಆಟ ಇದು."

"ಊರಿಗೆಲ್ಲಾ ಪಾಸಾದವನು ನೀನೊಬ್ನೇ."

ಕಿಟಕಿಯಿಲ್ಲದ ಕ್ಯಾಂಟೀನ್ ಕೋಣೆಯಲ್ಲಿ, ಆಲೂಗಡ್ಡೆ ಕರಿಯುವ ವಾಸನೆಯ ನಡುವೆ ಓರೆಸ್ಟ್ ಕರಡಿ ಕತೆ ಓದಿದ. ಗೋಡೆಯಾಚೆ ಹೋ ಎಂಬ ಕೇಕೆ ಎದ್ದಿತು.

"ಯಾರು ಹೊಡೆದ್ರು?" ಎಂದಳು ಟ್ಯಾಮ್ಸಿನ್, ಹಲ್ಲು ಕಚ್ಚಿ.

"ಲಾರಿಸ್ಸಾ ಅಂತ ಕೂಗ್ತಿದಾರೆ," ಎಂದ ಓರೆಸ್ಟ್. ಎದುರಿಗೆ ಗೋಲು ಬಿಟ್ಟವಳ ಅಮ್ಮ ಕೂತಿರುವಾಗ ನಗುವುದಾದರೂ ಹೇಗೆ? ತುಟಿ ಬಿಗಿಹಿಡಿದು ಪುಟ ತಿರುವಿದ. ಹಾಗೆ ಅವನು ಇನ್ನೂ ಎರಡು ಸಲ ತುಟಿ ಬಿಗಿಹಿಡಿಯಬೇಕಾಯಿತು. ಕಿವಿ ಮುಚ್ಚಿದ ಮರಿ ಬಂದಾಗ ಟ್ಯಾಮ್ಸಿನ್ ಮೊದಲು ಅತ್ತಳು, ಆಮೇಲೆ ತನ್ನ ಬೂಟಿಲ್ಲದ ಕಾಲನ್ನು ನೋಡಿ ಬಿದ್ದುಬಿದ್ದು ನಕ್ಕಳು.

ಬಾಗಿಲು ದಡಾರನೆ ತೆರೆಯಿತು. ಕೊರಳಲ್ಲಿ ಪದಕ ಹಾಕಿಕೊಂಡ ಲಾರಿಸ್ಸಾ.

"ಅಜ್ಜಾ, ಮೂರು ಗೋಲು. ಮೂರೂ ನಂದೇ. ನೋಡಿದ್ಯಾ?"

"ಒಂದೂ ಇಲ್ಲ ಪುಟ್ಟಿ. ನಿಮ್ಮಜ್ಜ ಗುಹೇಲಿದ್ದ."

"ಗೊತ್ತಾಯ್ತು. ಇವತ್ತೇ ಮೊದಲ ಸಲ ನಂಗೆ ಕೋಚ್ ಹೇಳೋದು ಕೇಳಿಸ್ತು." ಅವಳು ಅಜ್ಜನ ಕತ್ತಿಗೆ ಜೋತುಬಿದ್ದಳು. "ಮುಂದಿನ ವರ್ಷ ಎಲ್ಲಾ ಮ್ಯಾಚಿಗೂ ಬರ್ತೀಯ ಅಲ್ವಾ?"

"ಬರದೆ ಇರ್ತೀನಾ?"

"ಬಂದು ಇಲ್ಲೇ ಕೂತ್ಕೋಬೇಕು, ಈ ಕೋಣೇಲಿ. ಮಾತು ಕೊಡು."

ಓರೆಸ್ಟ್ ಒಮ್ಮೆ ಪದಕ ನೋಡಿದ, ಒಮ್ಮೆ ಕಿಟಕಿಯಿಲ್ಲದ ಗೋಡೆ ನೋಡಿದ. "ಆಯ್ತು," ಎಂದ.

ಆಗ ರೆಫರಿ ಲೈಲ್ ಒಳಗೆ ಬಂದ. ಬೂಟನ್ನು ಟ್ಯಾಮ್ಸಿನ್‌ಳ ಕಾಲ ಬಳಿ ಇಟ್ಟು, ಹೆಲ್ಮೆಟ್ ತೆಗೆದು, ಸ್ಟೂಲೊಂದನ್ನು ಎಳೆದುಕೊಂಡು ಪುಸ್ತಕದ ಎದುರಿಗೆ ಕೂತ. "ಬೈಗುಳ ಕೇಳಿ ಕೇಳಿ ಸಾಕಾಯ್ತು, ನಂಗೂ ಆ ಕತೆ ಓದಪ್ಪ," ಎಂದ.