ಬಾಡಿ ಬಂತೆಂಬ ತಂತಿ

ನಮ್ಮ ಚಿಕ್ಕಪ್ಪ ಬದುಕಿದ್ದಾಗಲೇ ಒಮ್ಮೆ ಸತ್ತಿದ್ದರು. ಕೊಂದವಳು ನಾನೇ! ಗಾಬರಿಯಾಗಬೇಡಿ, ಕತ್ತಿ ಹಿಡಿದು ಕೊಲ್ಲಲಿಲ್ಲ. ಅರೆಬರೆ ಇಂಗ್ಲಿಷಿನಲ್ಲಿ ಕೊಂದೆ.

ಐವತ್ತರ ದಶಕದ ಕೊನೆಯ ಮಾತು. ಚಿಕ್ಕಪ್ಪ ಮದ್ರಾಸಿನ ಮೆಡಿಕಲ್ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದುತ್ತಿದ್ದರು. ವಿಷಯ ಅನಾಟಮಿ. ಹಾಗೆಂದರೇನೆಂದು ಬಂಗಾರಪೇಟೆಯ ನಮ್ಮ ಮನೆಯಲ್ಲಿ ಯಾರಿಗೆ ಗೊತ್ತು? ಮಗ ಡಾಕ್ಟರಾಗುತ್ತಾನೆಂದು ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು. ಚಿಕ್ಕಪ್ಪ ರಜಕ್ಕೆ ಬಂದರೆ ಊಟಕ್ಕೆ ಕೂತವರ ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದರು! "ನುಂಗಣ್ಣ, ಗಂಟ್ಲು ಮೇಲೇಳೋದು ನೋಡ್ಬೇಕು" ಎಂದು ಅಪ್ಪನ ಕತ್ತಿಗೆ ಬೆರಳಿಟ್ಟರೆ, ಇಳಿಯುತ್ತಿದ್ದ ಮುದ್ದೆ ಅಲ್ಲೇ ನಿಂತು ಅಪ್ಪನ ಕಣ್ಣು ಮೇಲಾಗುತ್ತಿತ್ತು.

ಒಂದು ಸಲ ರಜ ಮುಗಿಸಿ ಅವರು ರೈಲಿಗೆಂದು ಹೊರಟ ಮಾರನೆಯ ದಿನ ಮದ್ರಾಸಿನಿಂದ ತಂತಿ ಬಂತು. ಆ ಕಾಲದಲ್ಲಿ ತಂತಿಯೆಂದರೆ ಸಾವೇ ತಾನೆ? ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಎಸ್ಸೆಸ್ಸೆಲ್ಸಿಯ ನಾನೊಬ್ಬಳೇ. ಮೇಲೆ ಚಿಕ್ಕಪ್ಪನ ಹೆಸರು, ಕೆಳಗೆ "ಬಾಡಿ ಅರೈವ್ಡ್. ಸ್ಟಾರ್ಟ್ ಇಮ್ಮೀಡಿಯೆಟ್ಲಿ." ನಾನು ಹಿಂದುಮುಂದು ನೋಡದೆ, "ಚಿಕ್ಕಪ್ಪನ ಹೆಣ ಬಂದೈತಂತೆ, ಈಗಲೇ ಹೊರಡ್ಬೇಕಂತೆ" ಎಂದುಬಿಟ್ಟೆ!

ಅಜ್ಜಿ ಅಂಗಳದಲ್ಲೇ ಕುಸಿದಳು. ಬೀದಿಯವರೆಲ್ಲ ಸೇರಿ ಗೋಳೋ ಎನ್ನುತ್ತಿದ್ದಾಗ ಚೀಲ ಹಿಡಿದು ಒಳಗೆ ಬಂದವರು ಯಾರು? ಚಿಕ್ಕಪ್ಪ! ಮದ್ರಾಸ್ ರೈಲು ಬಿಟ್ಟು, ಹತ್ತಿರದ ಗಣಿ ಊರು ಕೋರಮಂಡಲ್‌ನ ಗೆಳೆಯನ ಮನೆಗೆ ಹೋಗಿದ್ದರಂತೆ.

"ಅಯ್ಯೋ, ಯಾರು ಸತ್ರವ್ವ?"

"ನೀನೇ ಕಣ್ಲಾ!"

ತಂತಿ ಓದಿದ್ದೇ ತಡ, ಚಿಕ್ಕಪ್ಪ ಕುಣಿದಾಡಿದರು. "ಬಂತಾ! ಮೂರು ತಿಂಗ್ಳಿಂದ ಕಾಯ್ತಾ ಇದ್ದೆ!"

"ಏನ್ಲಾ ಬಂದಿದ್ದು?"

"ಎಣ ಕಣವ್ವ! ಅದನ್ನ ಕುಯ್ದು ನೋಡೋದೇ ನನ್ನ ಓದು."

ಅಜ್ಜಿಯ ಅಳು ಅರ್ಧಕ್ಕೇ ನಿಂತಿತು. "ಥೂ! ಎಣ ಮುಟ್ಟಿದ ಕೈಲಿ ಇನ್ಮೇಲೆ ನನ್ನ ಮುಟ್ಬೇಡ!" ಎಂದು ಆಗಲೇ ತಲೆಗೆ ನೀರು ಹಾಕಿಕೊಂಡಳು. ಚಿಕ್ಕಪ್ಪ ನಕ್ಕರು. ಆದರೆ ಆವತ್ತು ಊಟ ಮಾಡದೆ ರೈಲು ಹತ್ತಿದರು.

ಓದು ಮುಗಿದು ಅವರು ಅದೇ ಕಾಲೇಜಿನಲ್ಲಿ ಮೇಷ್ಟ್ರಾದರು. ಬೂದಿಕೋಟೆಯಿಂದ ಮಂಡಿನೋವೆಂದು ಬಂದ ನಂಟನೊಬ್ಬನಿಗೆ ಮಂಡಿಯೊಳಗಿನ ಮೂಳೆ, ನರ ಸಮಸ್ತರ ಹೆಸರನ್ನೂ ಹೇಳಿದರು. "ಮದ್ದು?" ಎಂದರೆ, "ಅದು ಡಾಕ್ಟ್ರಿಗೆ ಗೊತ್ತು. ನಾನು ಡಾಕ್ಟ್ರಾಗೋರಿಗೆ ಪಾಠ ಏಳೋನು."

"ಡಾಕ್ಟ್ರಿಗೇ ಪಾಠ ಏಳೋನಿಗೆ ಒಂದು ಮಾತ್ರೆ ಗೊತ್ತಿಲ್ವಾ!" ಎಂದು ಆತ ಕುಂಟುತ್ತಲೇ ಹೋದ.

ಹೆಣ್ಣು ಕೊಡಲು ಬಂದವರು ಈ ಓದಿಗೆ ಬೇರೆ ಯಾವ ಕೆಲಸ ಸಿಗುತ್ತದೆ ಎಂದು ಕೇಳಿದರು. ಚಿಕ್ಕಪ್ಪನಿಗೆ ಸುಳ್ಳು ಹೇಳಲಾದರೂ ಬರಬೇಡವೇ! "ಪೊಲೀಸ್ನೋರು ಮೂಳೆ ತಂದ್ರೆ ಗಂಡೋ ಎಣ್ಣೋ ಏಳ್ಬೋದು. ಮ್ಯೂಸಿಯಮ್ನಲ್ಲಿ ಬುರುಡೆ ನೋಡ್ಕೋಬೋದು" ಎಂದರು. ಹುಡುಗಿಯ ಅಪ್ಪ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ.

ಇಷ್ಟಾದರೂ ಅಜ್ಜಿಯ ಪಟ್ಟು ಸಡಿಲವಾಗಲಿಲ್ಲ. ಮಗ ದೂರದಿಂದಲೇ ನಮಸ್ಕಾರ ಮಾಡಬೇಕು, ಅವರು ತಂದುಕೊಟ್ಟ ನೀರು ಅವಳಿಗೆ ಬೇಡ. ಇದೆಲ್ಲ ನನ್ನಿಂದಲೇ ಆದದ್ದು. ತಂತಿ ಓದಿದ ಬಾಯಿ ನನ್ನದೇ ಅಲ್ಲವೇ?

ಮೂರು ವರ್ಷದ ಮೇಲೆ, ಚಿಕ್ಕಪ್ಪ ಊರಲ್ಲಿದ್ದಾಗಲೇ, ಅಜ್ಜಿ ಬಾವಿಕಟ್ಟೆಯ ಬಳಿ ಜಾರಿ ಬಲಗೈ ಮುರಿದುಕೊಂಡಳು. ಓಡಿ ಬಂದ ಚಿಕ್ಕಪ್ಪ ಎರಡು ಮಾರು ದೂರದಲ್ಲೇ ನಿಂತರು.

"ಮುಟ್ಟಲಾ ಅವ್ವ?"

ಅಜ್ಜಿ ಕೈ ಮುಂದೆ ಮಾಡಿದಳು. ಆಸ್ಪತ್ರೆಗೆ ಹೋಗುವವರೆಗೆ ಅಲುಗದಿರಲೆಂದು ಬಿದಿರ ದಬ್ಬೆ ಕಟ್ಟುತ್ತಿದ್ದ ಚಿಕ್ಕಪ್ಪ ಗಂಟು ಬಿಗಿಯಲಾರದೆ ಮತ್ತೆಮತ್ತೆ ಸಡಿಲಿಸುತ್ತಿದ್ದರು. ನಾನು ದಂಗಾದೆ! ಹೆಣ ಕುಯ್ಯಲು ಹೆದರದ ಕೈ!

"ಅವರ್ಯಾರೂ ನೋವು ಅನ್ನಲ್ಲವ್ವ" ಎಂದರು ತಲೆ ಎತ್ತದೆ.

"ಅವರ್ನೂ ಇಂಗೇ ಮೆತ್ತಗೆ ಮುಟ್ತೀಯೇನ್ಲಾ?"

"ಊಂ. ಕೇಳೋರಿಲ್ದೋರ ಎಣಾನೇ ನಮ್ಗೆ ಬರೋದು. ನಮ್ಮನ್ನ ಬಿಟ್ರೆ ಅವರ್ನ ಮುಟ್ಟೋರು ಯಾರವ್ವ?"

ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಮನೆಗೆ ಬಂದಾಗ ಬಲಗೈ ತುಂಬ ಪಟ್ಟಿ. ನಮ್ಮಮ್ಮ ಮುದ್ದೆಯ ತಟ್ಟೆ ಹಿಡಿದು ತಿನ್ನಿಸಲು ಕೂತರೆ ಅಜ್ಜಿ ಬಾಯಿ ತೆರೆಯಲೊಲ್ಲಳು. ಬಾಗಿಲಲ್ಲಿ ನಿಂತಿದ್ದ ಮಗನನ್ನು ನೋಡಿದಳು.

"ಕೈ ತೊಳ್ಕೊಂಡು ಬಾರ್ಲಾ. ಒಟ್ಟೆ ಅಸೀತೈತೆ."

ಚಿಕ್ಕಪ್ಪ ಮೂರು ಸಲ ಕೈ ತೊಳೆದು ಬಂದರು. ಆವತ್ತು ಅಜ್ಜಿ ಒಂದೊಂದೇ ತುತ್ತು ನುಂಗುವಾಗ ಅವರು ಗಂಟಲು ನೋಡಲಿಲ್ಲ, ಮುಖ ನೋಡುತ್ತಿದ್ದರು.