ಪಂಚರ ಸಮಕ್ಷಮ ಪಾಸ್‌ವರ್ಡ್

ತೊಂಬತ್ತರ ದಶಕದ ಕೊನೆಗೆ ಶಿಕಾರಿಪುರದಲ್ಲಿ ಇಂಟರ್ನೆಟ್ ಅಂಗಡಿ ತೆಗೆದೆ ನೋಡಿ, ಆಮೇಲೆ ನಗದೆ ಬಾಗಿಲು ಹಾಕಿದ ದಿನವೇ ಇಲ್ಲ. ಅದರಲ್ಲೂ ನಮ್ಮ ಬೀದಿಯ ನಿವೃತ್ತ ಗ್ರಾಮಲೆಕ್ಕಿಗರು ಬಂದರೆಂದರೆ ಮುಗೀತು!

೧. ವಾರಸುದಾರರು

ಸೊರಬದ ಕಡೆ ಸತ್ತವರ ಜಮೀನನ್ನು ಮಕ್ಕಳ ಹೆಸರಿಗೆ ಏರಿಸಿ ಏರಿಸಿಯೇ ತಲೆ ನರೆತವರು ಅವರು. ಇಮೇಲ್ ಮಾಡಿಸಿಕೊಟ್ಟೆ. ಮೊದಲ ಪ್ರಶ್ನೆಯೇ, "ನಾನು ಹೋದ ಮೇಲೆ ಇದು ಯಾರಿಗೆ ಸೇರುತ್ತೆ?"

"ಪಾಸ್‌ವರ್ಡ್ ಗೊತ್ತಿದ್ದವರು ತೆಗೀತಾರೆ. ಮನೆಯವರಿಗೆ ಹೇಳಿಡ್ರಿ ಸಾಕು."

"ಬಾಯಿಮಾತು ನಡೆಯಲ್ಲ ರೀ" ಅಂತ ಎದ್ದು ಹೋದರು. ಮರುದಿನ ವಂಶವೃಕ್ಷದ ನಕಲು ತಂದು ನನ್ನ ಮೇಜಿನ ಮೇಲಿಟ್ಟರು. "ಇದನ್ನ ಕಂಪ್ಯೂಟರಿಗೆ ಏರಿಸ್ರಿ. ತಕರಾರು ಇದ್ದವರಿಗೆ ಮೂವತ್ತು ದಿನ ಟೈಮ್ ಕೊಡ್ರಿ."

೨. ಅರಗು

ಕಡೆಗೆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದರು. ಕಿರಾಣಿ ಅಂಗಡಿಯವರು, ಟೈಲರು, ಹೀಗೆ ಬೀದಿಯ ಐದು ಜನರನ್ನು ಪಂಚರಾಗಿ ಕೂರಿಸಿ, ಗಟ್ಟಿಯಾಗಿ ಓದಿ ಹೇಳಿ, ಎಲ್ಲರ ಸಹಿ ಹಾಕಿಸಿದರು. ಲಕೋಟೆಗೆ ಅರಗು ಒತ್ತಿ ಮೇಲೆ ಬರೆದರು: "ನನ್ನ ಮರಣಾನಂತರ ಮಾತ್ರ ಒಡೆಯತಕ್ಕದ್ದು."

"ಅಯ್ಯೋ, ಇದು ಗುಟ್ಟಾಗಿ ಇಡೋದು ರೀ!" ಅಂತ ತಲೆ ಚಚ್ಚಿಕೊಂಡೆ.

"ಅದಕ್ಕೇ ಅಲ್ವೇನ್ರೀ ಅರಗು ಹಾಕಿದ್ದು?"

೩. ಹುಡುಗನ ಫೋಟೋ

ಲೆಕ್ಕಿಗರ ಮಗಳಿಗೆ ಹುಬ್ಬಳ್ಳಿಯ ಸಂಬಂಧ ಬಂತು. ಹುಡುಗನ ಫೋಟೋ ಇಮೇಲ್ ಮಾಡಿದ್ದೇವೆ, ಸಂಜೆಯೊಳಗೆ ಉತ್ತರ ಹೇಳಿ ಅಂತ ಫೋನ್ ಬಂದಿತ್ತು. ಗಂಡ, ಲಕೋಟೆ ಹಿಡಿದ ಹೆಂಡತಿ, ಮಗಳು ಮೂವರೂ ನನ್ನ ಅಂಗಡಿಗೆ ಓಡಿ ಬಂದರು. ನೋಡಿದರೆ ಲೆಕ್ಕಿಗರಿಗೆ ಪಾಸ್‌ವರ್ಡೇ ಮರೆತಿದೆ!

"ಲಕೋಟೆ ಒಡಿಯೇ" ಅಂತ ಹೆಂಡತಿಗೆ ಅಂದರು.

ಹೆಂಡತಿ ಅದನ್ನು ಎದೆಗವಚಿಕೊಂಡರು. "ನೀವಿನ್ನೂ ಗುಂಡುಕಲ್ಲಿನ ಹಂಗೆ ಕೂತಿದ್ದೀರಿ. ನಾನಂತೂ ಒಡೆಯಲ್ಲಪ್ಪ!"

ಹುಡುಗಿ ಕಣ್ಣಲ್ಲಿ ನೀರು. ತಟ್ಟನೆ ಎದ್ದವಳು ಬಾಗಿಲಿಗೆ ಹೋಗಿ ಎದುರಿನ ಕಿರಾಣಿ ಅಂಗಡಿಗೆ ಕೂಗಿದಳು: "ಮಾಮಾ, ಅಪ್ಪಾಜಿ ಪಾಸ್‌ವರ್ಡ್ ಏನು?"

ಅವರು ಬೆಲ್ಲ ತೂಗುತ್ತಲೇ ಹೇಳಿದರು. ಕೊನೆಯ ಎರಡು ಅಂಕಿ ಬಿಟ್ಟಿದ್ದರು. ಬೆಲ್ಲ ಕೊಳ್ಳಲು ನಿಂತಿದ್ದ ಗಿರಾಕಿ ಅದನ್ನೂ ಸೇರಿಸಿದ.

ಫೋಟೋ ಗೆರೆಗೆರೆಯಾಗಿ ಇಳಿಯತೊಡಗಿತು. ಕೂದಲು ಬಂತು, ಹಣೆ ಬಂತು. ಅಷ್ಟರಲ್ಲಿ ಐದೂ ಪಂಚರು ನಮ್ಮ ಹಿಂದೆ ಹಾಜರ್! ಮೀಸೆ ಕಂಡಾಗ ಹುಡುಗಿಯ ಮುಖ ಅರಳಿತು. "ಒಪ್ಪಿಗೆ ಅಂತ ಬರೀರಿ" ಅಂದಳು. ನನಗೂ ಕುಣಿಯುವಷ್ಟು ಖುಷಿ.

"ಆದ್ರೆ ಅಪ್ಪಾಜಿ, ಇನ್ಮುಂದೆ ಅವರು ನನಗೆ ಬರೆದದ್ದನ್ನ ಬೀದಿಯೆಲ್ಲ ಓದುತ್ತೆ. ಮೊದಲು ಪಾಸ್‌ವರ್ಡ್ ಬದಲಾಯಿಸ್ರಿ."

ಲೆಕ್ಕಿಗರು ಕನ್ನಡಕ ಏರಿಸಿ ಹಿಂದೆ ತಿರುಗಿ ನೋಡಿದರು. "ಈಗಲೇ ಬದಲಾಯಿಸೋಣ ಮಗಳೇ. ಹೆಂಗೂ ಪಂಚರೆಲ್ಲ ಇಲ್ಲೇ ಇದ್ದಾರೆ."