ನಾಲ್ಕು ಜನರ ನೀಲಿ ಗುಡಾರಕ್ಕೆ, ಚಾಮರಾಜಪೇಟೆಯ ತಾರಸಿಯಿಂದ

ಮಾನ್ಯ ಗುಡಾರದವರೇ,

ಚಾಮರಾಜಪೇಟೆಯ ನಮ್ಮ ತಾರಸಿಯಲ್ಲಿ, ಒಗೆಯುವ ಕಲ್ಲಿಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಮಗ್ಗುಲಾಗಿ ವಿಶ್ರಮಿಸುತ್ತಿರುವ ತಮ್ಮ ಸನ್ನಿಧಿಗೆ ಕಲ್ಯಾಣಮ್ಮನ ಅನೇಕ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ; ತಮ್ಮ ಕ್ಷೇಮ ವಿಚಾರಿಸುವ ಧೈರ್ಯ ನನಗಿಲ್ಲ, ಏಕೆಂದರೆ ತಮ್ಮ ಒಂದು ಕಡ್ಡಿ ಬಾಗಿರುವುದನ್ನು ಈಗಷ್ಟೇ ಒಣಗಿದ ಬಟ್ಟೆ ತೆಗೆಯಲು ಹೋದಾಗ ನೋಡಿ ಬಂದೆ. ತಂಗಿಯರಿಗೂ ನಾದಿನಿಯರಿಗೂ ಕಾಗದ ಬರೆದು ಬರೆದೇ ಅಕ್ಷರ ತಿದ್ದಿಕೊಂಡವಳು ನಾನು. ನೆಂಟರಲ್ಲದವರಿಗೆ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಸಲಿಗೆ ಹೆಚ್ಚಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಇದರ ಒಂದು ಪ್ರತಿಯನ್ನು ಯುವಕ ಸಂಘದ ಬೋರ್ಡಿಗೂ ಅಂಟಿಸುತ್ತಿದ್ದೇನೆ. ತಾವು ಸೋರಿದ್ದನ್ನು ಇಡೀ ಬೀದಿ ನೋಡಿರುವಾಗ ಮುಚ್ಚುಮರೆ ಏಕೆ?

ತಾವು ನಮ್ಮಲ್ಲಿಗೆ ದಯಮಾಡಿಸಿದ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಬೀದಿಯ ಸಂಘದವರು ವರ್ಷಾವರ್ಷ ದೇವರಾಯನದುರ್ಗದ ತಪ್ಪಲಿನ ಒಂದು ಮಾವಿನ ತೋಪಿನಲ್ಲಿ ಶಿಬಿರ ಹಾಕುತ್ತಾರೆ. ಹುಡುಗರು ಅಲ್ಲೇ ತಂಗುತ್ತಾರೆ. ಹುಡುಗಿಯರು ಬೆಳಿಗ್ಗೆ ಹೋಗಿ, ಎಲ್ಲರಿಗೂ ಚಿತ್ರಾನ್ನ ಬಡಿಸಿ, ಸಂಜೆಯ ವ್ಯಾನಿನಲ್ಲಿ ಖಾಲಿ ಪಾತ್ರೆಗಳ ಜೊತೆ ಹಿಂತಿರುಗುತ್ತಾರೆ. ಈ ಸಲ ನನ್ನ ಮೊಮ್ಮಗಳು ಶಿವರಂಜಿನಿ, ಗೆಳತಿಯರಾದ ನಂದಿತಾ, ಯಶಶ್ರೀಯರನ್ನು ಅಕ್ಕಪಕ್ಕ ನಿಲ್ಲಿಸಿಕೊಂಡು, "ನಾವೂ ಅಲ್ಲೇ ಮಲಗ್ತೀವಿ, ಪಾತ್ರೆಗಳು ಬೇಕಾದ್ರೆ ಅವಷ್ಟೇ ವಾಪಸ್ ಬರ್ಲಿ" ಎಂದು ಸಭೆಯಲ್ಲಿ ಹೇಳಿಬಿಟ್ಟಳು. ತಾಯಂದಿರು ಬೆಚ್ಚಿದರು. ಸಂಘದ ಹಿರಿಯರೂ ನನ್ನ ಮೈದುನರೂ ಆದ ರೇವಣಸಿದ್ದಯ್ಯನವರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: ಹುಡುಗರಿಗೊಂದು, ಹುಡುಗಿಯರಿಗೊಂದು ಒಳ್ಳೆಯ ಗುಡಾರ ತರಿಸುವುದು, ಭಾನುವಾರ ತಾರಸಿಯ ಮೇಲೆ ನಿಲ್ಲಿಸಿ ಪರೀಕ್ಷಿಸುವುದು, ತಡೆದುಕೊಂಡರೆ ಹುಡುಗಿಯರು ತಂಗಲಿ, ಇಲ್ಲವಾದರೆ ಸಂಜೆಯ ವ್ಯಾನ್ ಇದ್ದೇ ಇದೆ. ಹೀಗೆ ಆ ಹೆಣ್ಣುಮಕ್ಕಳ ಆಸೆಯೆಲ್ಲ ತಮ್ಮ ತೆಳ್ಳನೆಯ ಕಡ್ಡಿಗಳ ಮೇಲೆ ಬಂದು ನಿಂತಿತು.

ತಮ್ಮನ್ನು ಆರಿಸಿದ ವೈಭವವನ್ನು ತಾವು ಕಂಡಿರಲಾರಿರಿ. ಹೆಣ್ಣು ನೋಡುವ ಶಾಸ್ತ್ರಕ್ಕೂ ನಮ್ಮ ಬೀದಿಯಲ್ಲಿ ಅಷ್ಟು ಜನ ಸೇರಿಲ್ಲ. ರೇವಣಸಿದ್ದಯ್ಯನವರಿಗೆ ಮದುವೆ ಮನೆಯ ಶಾಮಿಯಾನವೇ ಆಗಬೇಕಿತ್ತು, ಜೊತೆಗೆ ಕುರ್ಚಿಗಳೂ ಬರುತ್ತವಲ್ಲ ಎಂಬ ದೂರದೃಷ್ಟಿಯಿಂದ. ಪಕ್ಕದ ಮನೆಯ ತಿಮ್ಮಕ್ಕ, ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆಗೆ ಹೊದಿಸುವ ಟಾರ್ಪಾಲು ತಂದು ನಾಲ್ಕು ಮರಕ್ಕೆ ಕಟ್ಟಿದರೆ ಮುಗಿಯಿತು ಎಂದಳು; ಎಲ್ಲರೂ ನಕ್ಕೆವು. ಸಂಘದ ಅಧ್ಯಕ್ಷ ಲೋಹಿತ್ ಮಾತ್ರ ತನ್ನ ಫೋನಿನಲ್ಲಿ ತಮ್ಮ ಭಾವಚಿತ್ರ ತೋರಿಸಿದ. ಹಿಂದೆ ಹಿಮದ ಬೆಟ್ಟ, ಮುಂದೆ ಹಲ್ಲು ಬಿಟ್ಟ ನಾಲ್ಕು ಜನ, ನಡುವೆ ತಾವು. ಬೆಟ್ಟವೂ ಜೊತೆಗೇ ಬರುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, "ಇಲ್ಲ ಅಜ್ಜಿ, ಬೆಟ್ಟ ಸ್ಟಾಕ್ ಇಲ್ವಂತೆ" ಎಂದ. ಮಲಗುವ ಚೀಲಗಳನ್ನೂ ತಮ್ಮ ಜೊತೆಯಲ್ಲೇ ತರಿಸಿದರು. ಅವುಗಳಲ್ಲಿ ಮನುಷ್ಯರನ್ನು ಕಡುಬಿನೊಳಗೆ ಹೂರಣ ತುಂಬಿದಂತೆ ತುಂಬಿ ಕುತ್ತಿಗೆಯವರೆಗೆ ಜಿಪ್ ಎಳೆಯುತ್ತಾರೆ. ಬೆನ್ನು ತುರಿಸಿದರೆ ಏನು ಗತಿಯೋ, ಆ ದೇವರೇ ಬಲ್ಲ.

ಸರಿ, ತಾವು ಬಂದಿರಿ. ಬಂದದ್ದು ಮಾತ್ರ ಆಷಾಢದಲ್ಲಿ. ಆಷಾಢದಲ್ಲಿ ಯಾರಾದರೂ ಹೊಸ ಮನೆ ಹೊಗುತ್ತಾರೆಯೇ ಎಂದು ರೇವಣಸಿದ್ದಯ್ಯನವರು ತಕರಾರು ತೆಗೆದರು. ಬಾಗಿಲಿದೆ, ಕಿಟಕಿಯಿದೆ, ಒಳಗೆ ಮಲಗುವುದಿದೆ, ಮನೆಯಲ್ಲದೆ ಮತ್ತೇನು, ಶ್ರಾವಣ ಬರಲಿ ಎಂದರು. ಶಿಬಿರವಿರುವುದು ಬರುವ ಶನಿವಾರ. ಹುಡುಗಿಯರ ಮುಖ ಬಾಡಿತು. ಆಗ ನಾನು ತಮ್ಮ ಸೆರಗನ್ನು ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡಿ, ಇದು ಮನೆಯಲ್ಲ, ಬಟ್ಟೆ; ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿದರೆ ಯಾವ ಮಾಸದಲ್ಲಾದರೂ ಉಡಬಹುದು ಎಂದು ವಾದ ಹೂಡಿದೆ. ಮೈದುನರು ಕೈ ಮುಗಿದು, "ಅತ್ತಿಗೆ, ನಿಮ್ಮ ಹತ್ರ ಮಾತಾಡೋಕೆ ವಕೀಲರನ್ನೇ ಇಡಬೇಕು" ಎಂದು ಒಪ್ಪಿದರು. ತಮ್ಮ ಬಲಗಡೆಯ ಮೂಲೆಯಲ್ಲಿರುವ ಹಳದಿ ಬೊಟ್ಟು ಆ ಗೆಲುವಿನ ಗುರುತು.

ಆದರೆ ಬಟ್ಟೆ ಎಂದ ಮೇಲೆ ಬಟ್ಟೆಗೆ ಸಲ್ಲುವ ಮರ್ಯಾದೆಯನ್ನೆಲ್ಲ ಸಲ್ಲಿಸಬೇಕಷ್ಟೆ. ಅಂಗಡಿಯಿಂದ ಬಂದದ್ದನ್ನು ಒಗೆಯದೆ ಹೆಣ್ಣುಮಕ್ಕಳಿಗೆ ಕೊಡುವುದುಂಟೇ? ಹುಡುಗರದನ್ನು ಹಾಗೇ ಬಿಟ್ಟೆವು, ಅವರು ಹೇಗೂ ಕೊಳೆ ಮಾಡುವವರೇ. ತಮ್ಮನ್ನು ಮಾತ್ರ ಬಣ್ಣ ಬಿಡದಿರಲೆಂದು ಉಪ್ಪುನೀರಿನಲ್ಲಿ ನೆನೆಸಿ, ಸೋಪಿನ ಪುಡಿ ಹಾಕಿ, ನಾನೂ ತಿಮ್ಮಕ್ಕನೂ ಸರದಿಯ ಮೇಲೆ ಕಲ್ಲಿಗೆ ಎತ್ತಿ ಎತ್ತಿ ಬಡಿದೆವು. ಬಿಳಿ ಬಿಳಿಯಾಗಿ ಹೊಟ್ಟಿನಂತೆ ಏನೋ ಉದುರುತ್ತಿತ್ತು. "ಗಂಜಿ ಹೋಗ್ತಿದೆ ಬಿಡಿ ಕಲ್ಯಾಣಮ್ಮ, ಇನ್ನೆರಡು ಸಲ ಬಡಿದ್ರೆ ಮೆತ್ತಗಾಗುತ್ತೆ" ಎಂದಳು ತಿಮ್ಮಕ್ಕ. ಬಡಿದೆವು. ಮೆತ್ತಗಾದಿರಿ. ಆ ಗಂಜಿಯೇ ತಮ್ಮ ಮಳೆ ತಡೆಯುವ ಲೇಪವೆಂಬುದು ಆಮೇಲೆ ಲೋಹಿತ್ ತಮ್ಮ ಒಳಅಂಚಿನ ಚೀಟಿಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಓದಿದಾಗ ತಿಳಿಯಿತು. ತಮ್ಮಲ್ಲಿ ನನ್ನ ಮೊದಲ ದೂರು ಇದೇ: ಮೈಮೇಲೆ ಇಷ್ಟಗಲದ ಜಾಗವಿಟ್ಟುಕೊಂಡು, ಒಗೆಯಬೇಡಿ ಎಂಬ ಒಂದು ಮಾತನ್ನು ಇರುವೆ ಓದುವಷ್ಟು ಸಣ್ಣದಾಗಿ ಬರೆದುಕೊಂಡದ್ದು ಯಾರಿಗಾಗಿ?

ಭಾನುವಾರದ ಪರೀಕ್ಷೆಯನ್ನು ಹೇಗೆ ಬಣ್ಣಿಸಲಿ! ತಾರಸಿಯಲ್ಲಿ ಗೂಟ ಹೊಡೆಯಲು ಮಣ್ಣಿಲ್ಲವೆಂದು ತಮ್ಮ ಹಗ್ಗಗಳನ್ನು ಒಂದು ಕಡೆ ರುಬ್ಬುಗುಂಡಿಗೆ, ಮತ್ತೊಂದು ಕಡೆ ಟ್ಯಾಂಕಿನ ಪೈಪಿಗೆ, ಮಿಕ್ಕವನ್ನು ದಾಸವಾಳದ ಕುಂಡಗಳಿಗೆ ಕಟ್ಟಿದರು. ಗಡದ್ದಾದ ಊಟದ ಮೇಲಿನ ನಿದ್ದೆಯನ್ನು ಗುಡಾರದಲ್ಲಿ ಮಾಡುವುದೇ ಪರೀಕ್ಷೆಯೆಂದು ಗೊತ್ತುಮಾಡಿದ್ದರಿಂದ ಹೋಳಿಗೆ ಊಟವಾದ ಮೇಲೆ ಹುಡುಗರು ಒಂದರಲ್ಲಿ, ಹುಡುಗಿಯರು ತಮ್ಮಲ್ಲಿ ನುಗ್ಗಿದರು. ನುಗ್ಗಿದರು ಎಂಬುದು ಬರವಣಿಗೆಯ ಮಾತು. ತಮ್ಮ ಬಾಗಿಲಲ್ಲಿ ಅಂಬೆಗಾಲಿಟ್ಟೇ ಹೋಗಬೇಕು. ದೇವರಮನೆಯಲ್ಲೂ ನಾನು ಅಷ್ಟು ಬಗ್ಗಿದವಳಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು, ಹಿಂದೆಯೇ ಮಳೆ ಬಂತು, ಬೀದಿಯವರೆಲ್ಲ ಕೊಡೆ ಹಿಡಿದು ತಮಾಷೆ ನೋಡಲು ನಿಂತರು.

ಮಾನ್ಯರೇ, ತಮ್ಮಷ್ಟು ನಿಷ್ಪಕ್ಷಪಾತವಾಗಿ ಸೋರುವವರನ್ನು ನಾನು ಕಂಡಿಲ್ಲ. ನಂದಿತಾಳ ತಲೆಗೆ ಒಂದು ಹನಿ, ಯಶಶ್ರೀಯ ಮೂಗಿಗೆ ಒಂದು ಹನಿ, ನನ್ನ ಮೊಮ್ಮಗಳ ಕುತ್ತಿಗೆಗೆ ಒಂದು ಹನಿ, ಪಂಕ್ತಿಭೇದವೆಂಬುದೇ ಇಲ್ಲ. ರೇವಣಸಿದ್ದಯ್ಯನವರು, "ಆಯ್ತಲ್ಲ, ಸೋರಿತು. ಸಂಜೆ ವ್ಯಾನಿಗೆ ಹೇಳ್ಬಿಡಿ" ಎಂದು ಕೈ ಒದರಿದರು. ಆಗ ತಮ್ಮ ಬಾಗಿಲಿಂದ ಒದ್ದೆ ತಲೆಯೊಂದು ಹೊರಬಂದು, "ಚಿಕ್ತಾತ, ಸೋರಿದ್ದು ಗುಡಾರ, ನಾವಲ್ಲ" ಎಂದಿತು. ಮೂವರೂ ಒಳಗೆ ಒಂದು ಕೊಡೆ ಬಿಚ್ಚಿಕೊಂಡು, ಕಡಲೆಕಾಯಿ ಬಿಡಿಸುತ್ತ, ಯಾವುದೋ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದರು. "ಎದ್ದು ಬಂದವರು ಯಾರು ಅಂತ ನೋಡಿ" ಎಂದಳು ಶಿವರಂಜಿನಿ. ನೋಡಿದೆವು. ಒಂದು ಹನಿಯೂ ಸೋರದ ಹುಡುಗರ ಗುಡಾರ ಖಾಲಿಯಾಗಿತ್ತು. ಕೆಳಗಿನ ಅಡುಗೆಮನೆಯಿಂದ ಬೋಂಡದ ವಾಸನೆ ಬಂದದ್ದೇ ತಡ, ಅಧ್ಯಕ್ಷ ಲೋಹಿತನೂ ಸೇರಿ ಇಡೀ ಗಂಡುಪಡೆ ಮೆಟ್ಟಿಲಿಳಿದು ಹೋಗಿತ್ತು. ತಟ್ಟೆ ಹಿಡಿದು ಮೇಲೆ ಬಂದ ಲೋಹಿತ್, ತಡೆದುಕೊಂಡವರು ಯಾರೆಂಬ ಪ್ರಶ್ನೆಗೆ ಬಾಯಲ್ಲಿ ಬೋಂಡವಿದ್ದುದರಿಂದ ತಟ್ಟೆಯನ್ನೇ ಮುಂದೆ ಚಾಚಿದ. ಮೈದುನರು ಒಂದು ಬೋಂಡ ತೆಗೆದುಕೊಂಡು, ಪರೀಕ್ಷೆ ಪಾಸು ಎಂದರು.

ಆದ್ದರಿಂದ ಈಗ ನನ್ನ ವಿನಂತಿಗಳು. ತಮ್ಮ ನೆತ್ತಿಗೆ ತಿಮ್ಮಕ್ಕನ ಈರುಳ್ಳಿ ಟಾರ್ಪಾಲು ಹೊದಿಸಲಾಗುವುದು. ಸೂರಿಗೆ ಸೂರು ಬೇಕಾಯಿತಲ್ಲ ಎಂದು ನಾಚಬಾರದು. ನಗುವ ಸರದಿ ಈಗ ಅವಳದು, ಅದನ್ನೂ ಸಹಿಸಿಕೊಳ್ಳಬೇಕು. ಬಂದಾಗ ಇದ್ದ ಚೀಲದೊಳಕ್ಕೆ ತಾವೇ ಮನಸ್ಸು ಮಾಡಿ ವಾಪಸು ಹೋಗುವ ಕ್ರಮವನ್ನು ದಯವಿಟ್ಟು ಕಲಿಯಬೇಕು; ರೇಷ್ಮೆ ಸೀರೆಗಳನ್ನು ಬೆಂಕಿಪೊಟ್ಟಣದಂತೆ ಮಡಿಸಿಡುವ ನಾನೇ ತಮ್ಮ ಮೇಲೆ ಕುಳಿತು ನೋಡಿದರೂ ಒಂದು ತೋಳು ಹೊರಗೇ ಉಳಿಯಿತು. ಹಿರಿಯರು ಬಂದಾಗ ಬಾಗಿಲನ್ನು ಕೊಂಚ ಎತ್ತರ ಮಾಡಿಕೊಳ್ಳಬೇಕು. ಸಾಧ್ಯವಾದರೆ ಆ ಬೆಟ್ಟವನ್ನೂ ಕಳುಹಿಸಿಕೊಡಬೇಕು.

ಇಂತಿ ತಮ್ಮ ವಿಶ್ವಾಸಿಯೂ, ತಮ್ಮನ್ನು ಕೈಯಾರೆ ಒಗೆದವಳೂ ಆದ
ಕಲ್ಯಾಣಮ್ಮ

ಕಾಗದ ಮಡಿಸುವಾಗ ನೆನಪಾದದ್ದು: ಪಾಸು ಎಂದ ಮೈದುನರು ಬೋಂಡ ನುಂಗಿದ ಮೇಲೆ ಇನ್ನೊಂದು ಷರತ್ತು ಸೇರಿಸಿದರು, ಹುಡುಗಿಯರ ಜೊತೆ ಗುಡಾರದೊಳಗೆ ಒಬ್ಬ ಹಿರಿಯ ಹೆಂಗಸು ಮಲಗಬೇಕೆಂದು. ತಾಯಂದಿರೆಲ್ಲ ಏಕಕಾಲಕ್ಕೆ ಮೋಡ ನೋಡತೊಡಗಿದರು. ನಾನು ಮನೆಬಿಟ್ಟು ಹೊರಗೆ ಮಲಗಿದ್ದೆಲ್ಲ ಮದುವೆ ಛತ್ರದ ಜಮಖಾನದ ಮೇಲೆ, ಇಲ್ಲವೇ ಯಾರದೋ ಬಾಣಂತನದ ಚಾಪೆಯ ಮೇಲೆ; ಸುಮ್ಮನೆ ಖುಷಿಗೆಂದು ಒಂದು ರಾತ್ರಿಯೂ ಇಲ್ಲ. ತಮ್ಮ ಚೀಲದ ಮೇಲೆ ನಾಲ್ಕು ಜನರಿಗೆ ಎಂದು ಅಚ್ಚಾಗಿದೆ. ಮೂವರನ್ನು ತಾವು ನೋಡಿದ್ದೀರಿ. ನಾಲ್ಕನೆಯವಳಿಗೆ ಮಂಡಿ ಮಡಚಿ ಮಲಗಲು ಬರುವುದಿಲ್ಲ, ಚಾಚಲು ಜಾಗ ಮಾಡಿಡಿ. ಆ ರಾತ್ರಿ ಸೋರುವ ಯೋಚನೆ ಏನಾದರೂ ಇದ್ದರೆ, ಹಿಂದಿರುಗಿದ ಮೇಲೆ ತಮ್ಮನ್ನು ಒಗೆಯಬೇಕಾದವಳೂ ನಾನೇ ಎಂಬುದು ನೆನಪಿರಲಿ.